‘ಟೈರಿನ ಮಣಿಯನ್ನು ಆಸೀನಗೊಳಿಸಿ’: ಲಾನ್ ಮೂವರ್ ಕೈಪಿಡಿಯ ಕೆಲವು ಪದಗಳು

ಪ್ರಶ್ನೆ:

ಕೂತು ಓಡಿಸುವ ಲಾನ್ ಮೂವರ್‌ನ (ಹುಲ್ಲು ಕತ್ತರಿಸುವ ಯಂತ್ರದ) ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಟೈರಿನ ಅಧ್ಯಾಯದಲ್ಲಿ ತೊಡಕಾಗಿದೆ. ‘ಬೀಡ್’ ಎಂಬುದು ‘ಮಣಿ’ಯಾಗಿ, ‘ಟೈರಿನ ಮಣಿಯನ್ನು ರಿಮ್ಮಿನ ಮೇಲೆ ಆಸೀನಗೊಳಿಸಿ’ ಎಂಬ ವಾಕ್ಯ ಹುಟ್ಟಿದೆ. ಗಾಳಿ ಹೋಗುವುದಕ್ಕೆ ಒಂದು ಪುಟದಲ್ಲಿ ‘ಪಂಕ್ಚರ್’, ಮುಂದಿನ ಪುಟದಲ್ಲಿ ‘ಸೋರಿಕೆ’. ‘ಕೀ’ ಎಂದು ಬಂದಲ್ಲೆಲ್ಲ ‘ಕೀಲಿಕೈ’. ‘4 ಪ್ಲೈ’ ಅಂದರೆ ‘4 ಪದರ’, ‘ಡೆಕ್ (ಬ್ಲೇಡಿನ ಮೇಲಿನ ಲೋಹದ ಹೊದಿಕೆ) ಲೆವೆಲ್ ಮಾಡಿ’ ಅಂದರೆ ‘ಡೆಕ್ ಸಮತಟ್ಟು ಮಾಡಿ’. ಓದುವವರು ಸ್ಪ್ಯಾನರ್ ಹಿಡಿದು ತಾವೇ ರಿಪೇರಿಗೆ ಇಳಿಯುವವರು. ಯಾವುದನ್ನು ಉಳಿಸಲಿ, ಯಾವುದನ್ನು ಬದಲಿಸಲಿ?

ಉತ್ತರ:

ಮೊದಲು ಮಣಿಯನ್ನು ಕಿತ್ತುಹಾಕಿ. ಟೈರಿನ ಎರಡೂ ಒಳ ಅಂಚುಗಳಲ್ಲಿ ರಬ್ಬರಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ಆ ಅಂಚೇ ಬೀಡ್. ಟ್ಯೂಬ್ ಇಲ್ಲದ ಟೈರಿನಲ್ಲಿ ಗಾಳಿ ನಿಲ್ಲುವುದು ಈ ಅಂಚು ರಿಮ್ಮಿಗೆ ಒತ್ತಿಕೊಂಡಿರುವುದರಿಂದ. ಕೆಲಸದವರ ಬಾಯಲ್ಲಿ ಅದು ‘ಬೀಡ್ ಕೂತಿದೆ’, ‘ಬೀಡ್ ಬಿಟ್ಟಿದೆ’. ಬೇರಿಂಗ್ ಕೂರಿಸುತ್ತೇವೆ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರಬೇಕು ಅನ್ನುತ್ತೇವೆ. ಅದೇ ಕ್ರಿಯಾಪದ ಇಲ್ಲಿಯೂ ಸಾಕು. ಮೊದಲ ಸಲ ‘ಬೀಡ್, ಅಂದರೆ ಟೈರಿನ ತಂತಿ ಅಂಚು’ ಎಂದು ಬರೆದು, ಮುಂದೆ ಬರೀ ‘ಬೀಡ್’ ಎನ್ನಿ.

ಈ ಯಂತ್ರಗಳ ಟೈರಿಗೆ ಸಾಮಾನ್ಯವಾಗಿ 10ರಿಂದ 14 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಅಷ್ಟೆ. ಒತ್ತಡ ಕಡಿಮೆಯಾದ್ದರಿಂದ ಅಂಚಿನ ಹಿಡಿತವೂ ಸಡಿಲ. ಗಾಳಿ ಇನ್ನಷ್ಟು ಇಳಿದ ಟೈರಿನಲ್ಲಿ ಇಳಿಜಾರಲ್ಲಿ ಅಡ್ಡ ತಿರುಗಿಸಿದರೆ ಬೀಡ್ ಬಿಟ್ಟುಕೊಳ್ಳುತ್ತದೆ. ರಿಮ್ಮಿನ ತುಕ್ಕು, ಅಂಚಿನಲ್ಲಿ ಸಿಕ್ಕಿ ಒಣಗಿದ ಹುಲ್ಲು ಕೂಡ ಕಾರಣ. ಹಾಗಾಗಿ ಬೀಡ್ ಕೂರಿಸುವ ಹೆಜ್ಜೆಗಳಲ್ಲಿ ಕನ್ನಡ ಗೊಂದಲವಿಲ್ಲದೆ ಇರಬೇಕು. ಹೀಗೆ ಬರೆಯಬಹುದು:

‘ಯಂತ್ರವನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಾವಿ ತೆಗೆದು, ಸ್ಪಾರ್ಕ್ ಪ್ಲಗ್‌ನ ವೈರ್ ಬಿಚ್ಚಿ. ಎತ್ತದಿರುವ ಗಾಲಿಗಳಿಗೆ ಅಡ್ಡ ಕೊಡಿ. ಜ್ಯಾಕನ್ನು ಅಚ್ಚು ಅಥವಾ ಫ್ರೇಮಿನ ಕೆಳಗಿಡಿ, ಡೆಕ್ಕಿನ ಕೆಳಗೆ ಇಡಬೇಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಗಾಲಿ ಬಿಚ್ಚಿ, ರಿಮ್ಮಿನ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿ, ರಿಮ್ಮಿಗೂ ಬೀಡ್‌ಗೂ ಸೋಪಿನ ನೀರು ಹಚ್ಚಿ. ವಾಲ್ವಿನ ಒಳಗಿನ ಪಿನ್ ಬಿಚ್ಚಿಡಿ, ಗಾಳಿ ಒಮ್ಮೆಗೇ ನುಗ್ಗುತ್ತದೆ. ಟೈರಿನ ಸುತ್ತ ನಡುಮಧ್ಯಕ್ಕೆ ರ‍್ಯಾಚೆಟ್ ಪಟ್ಟಿ ಬಿಗಿದರೆ ಅಂಚುಗಳು ಹೊರಕ್ಕೆ ಅಗಲಿ ರಿಮ್ಮಿಗೆ ತಾಗುತ್ತವೆ. ಗಾಳಿ ಹಿಡಿಯಲು ಶುರುವಾದ ಕೂಡಲೇ ಪಟ್ಟಿ ಸಡಿಲಿಸಿ. ಎರಡು ಅಂಚೂ ಟಪ್ ಎಂದು ಕೂರುತ್ತವೆ. ಟೈರಿನ ಪಕ್ಕೆಯಲ್ಲಿ ಬರೆದಿರುವ ಗರಿಷ್ಠ ಒತ್ತಡ ಮೀರಬೇಡಿ, ಅಂಚಿನ ಹತ್ತಿರ ಬೆರಳು ತರಬೇಡಿ. ಕೊನೆಗೆ ಪಿನ್ ಹಾಕಿ, ಕೈಪಿಡಿ ಹೇಳಿದಷ್ಟೇ ಗಾಳಿ ಉಳಿಸಿ.’

ಬೆಂಕಿ ಹೊತ್ತಿಕೊಳ್ಳುವ ಸ್ಪ್ರೇ ಹೊಡೆದು ಕಡ್ಡಿ ಗೀರಿ ಬೀಡ್ ಕೂರಿಸುವ ಚಮತ್ಕಾರವನ್ನು ನೋಡಿದವರು ಇರುತ್ತಾರೆ. ‘ಮಾಡಬೇಡಿ’ ಎಂದು ಒಂದು ಸಾಲು ಸೇರಿಸಿ.

‘ಸೋರು’ ನೀರಿಗೆ, ಎಣ್ಣೆಗೆ, ಗ್ಯಾಸಿಗೆ. ಟೈರಿನ ಗಾಳಿ ‘ಇಳಿಯುತ್ತದೆ’. ಕಾರಣ ಗೊತ್ತಾಗುವ ಮೊದಲು ‘ಗಾಳಿ ಇಳಿಯುತ್ತಿದೆ’ ಎನ್ನಿ. ‘ಪಂಕ್ಚರ್’ ಎಂಬುದನ್ನು ಚುಚ್ಚಿ ತೂತಾದದ್ದಕ್ಕೆ ಮಾತ್ರ ಮೀಸಲಿಡಿ. ಮಾತಿನಲ್ಲಿ ಎಲ್ಲಕ್ಕೂ ಪಂಕ್ಚರ್ ಅಂದರೂ ನಡೆಯುತ್ತದೆ, ಕೈಪಿಡಿಯಲ್ಲಿ ನಡೆಯದು, ಯಾಕೆಂದರೆ ರಿಪೇರಿ ಬೇರೆ ಬೇರೆ. ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಬೇಕು. ನೆಲಕ್ಕೆ ತಾಗುವ ಭಾಗದಲ್ಲಿ ಎದ್ದರೆ ಪಂಕ್ಚರ್, ತೂತಿಗೆ ತುರುಕುವ ರಬ್ಬರ್ ಪ್ಲಗ್ ಸಾಕು. ಪಕ್ಕೆಯಲ್ಲಿ ಎದ್ದರೆ ಪ್ಲಗ್ ನಿಲ್ಲದು. ಒಳಗೆ ಟ್ಯೂಬ್ ಹಾಕಬೇಕು ಅಥವಾ ಹೊಸ ಟೈರು ಬೇಕು. ವಾಲ್ವಿನ ಬಾಯಲ್ಲಾದರೆ ಪಿನ್ ಬಿಗಿ ಮಾಡಿ ಅಥವಾ ಬದಲಿಸಿ, ಬುಡದಲ್ಲಾದರೆ ರಬ್ಬರ್ ಬಿರುಕು ಬಿಟ್ಟಿದೆ, ಇಡೀ ವಾಲ್ವ್ ಬದಲಿಸಿ. ರಿಮ್ಮಿನಂಚಿನಲ್ಲಾದರೆ ಬೀಡ್‌ನ ತೊಂದರೆ. ಟ್ಯೂಬ್ ಹಾಕುವುದಾದರೆ ರಿಮ್ಮಿನ ಒಳಗಿನ ತುಕ್ಕನ್ನು ಉಜ್ಜಿ ನುಣುಪು ಮಾಡದಿದ್ದರೆ ಅದೇ ಟ್ಯೂಬನ್ನು ಕೊರೆಯುತ್ತದೆ. ಒಳಗೆ ಸುರಿಯುವ ಸೀಲೆಂಟ್ ಮುಳ್ಳಿನ ಸಣ್ಣ ತೂತಿಗೆ ಸರಿ, ಪಕ್ಕೆಯ ಬಿರುಕಿಗೆ ಅದನ್ನು ನಂಬುವಂತಿಲ್ಲ.

ಇನ್ನೊಂದು ಉತ್ತರ:

‘ಕೀಲಿಕೈ’ ವಿಷಯ ನಗೆಯದ್ದಲ್ಲ. ಒಂದು ಕೀ ಎಂಜಿನ್ ಚಾಲೂ ಮಾಡುವ ಚಾವಿ. ಇನ್ನೊಂದು, ಹಿಂದಿನ ಅಚ್ಚಿಗೂ ಗಾಲಿಗೂ ನಡುವಿನ ತೋಡಿನಲ್ಲಿ ಕೂರುವ ಉದ್ದನೆಯ ಲೋಹದ ತುಂಡು. ಗಾಲಿ ಎಳೆದಾಗ ಇದು ಹುಲ್ಲಿನಲ್ಲಿ ಬಿದ್ದುಹೋಗುತ್ತದೆ. ಇದಿಲ್ಲದೆ ಗಾಲಿ ಜೋಡಿಸಿದರೆ ಅಚ್ಚು ತಿರುಗುತ್ತದೆ, ಗಾಲಿ ತಿರುಗುವುದಿಲ್ಲ; ಗೇರ್‌ಬಾಕ್ಸ್ ಕೆಟ್ಟಿತೆಂದು ಬಿಚ್ಚಲು ಹೊರಡುತ್ತಾರೆ. ಮೊದಲಿನದಕ್ಕೆ ‘ಚಾವಿ’, ಎರಡನೆಯದಕ್ಕೆ ‘ಅಚ್ಚಿನ ಕೀ’ ಎಂದು ಬೇರ್ಪಡಿಸಿ. ಗಾಲಿ ಹೊರಗೆ ಜಾರದಂತೆ ತಡೆಯುವ ಇ-ಕ್ಲಿಪ್‌ಗೆ ಎತ್ತಿನ ಗಾಡಿಯ ಮಾತಿನಲ್ಲಿ ‘ಕಡಾಣಿ’ ಎನ್ನುವ ಆಸೆ ಯಾರಿಗಾದರೂ ಬಂದೀತು. ಕೆಲಸ ಅದೇ, ಆದರೆ ಓದುಗ ಮೊಳೆಯಂಥದ್ದನ್ನು ಹುಡುಕುತ್ತಾನೆ. ಇ-ಕ್ಲಿಪ್ ಎಂದೇ ಇರಲಿ.

‘4 ಪದರ’ ತಪ್ಪು. ಪ್ಲೈ ರೇಟಿಂಗ್ ಭಾರ ಹೊರುವ ದರ್ಜೆ. ಟೈರು ಕತ್ತರಿಸಿದರೆ ನಾಲ್ಕು ಪದರ ಸಿಗಬೇಕೆಂದಿಲ್ಲ. ‘4 ಪ್ಲೈ ದರ್ಜೆ’ ಎನ್ನಿ. 15×6.00-6 ಎಂಬಂಥ ಅಳತೆಯನ್ನು ಮುಟ್ಟಬೇಡಿ, ಒಂದು ಸಲ ಬಿಡಿಸಿ ಹೇಳಿದರಾಯಿತು: ಟೈರಿನ ಎತ್ತರ 15 ಇಂಚು, ಅಗಲ 6, ರಿಮ್ಮಿನ ವ್ಯಾಸ 6.

‘ಸಮತಟ್ಟು’ ಎಂದರೆ ಅಪಾರ್ಥವಾಗುತ್ತದೆ. ಡೆಕ್ ಎಡಬಲಕ್ಕೆ ಸಮ ಇರಬೇಕು, ಹಿಂದುಮುಂದಕ್ಕೆ ಅಲ್ಲ. ಬ್ಲೇಡಿನ ಮುಂದಿನ ತುದಿ ಹಿಂದಿನದಕ್ಕಿಂತ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್ ತಗ್ಗಿರಬೇಕು, ಇಲ್ಲದಿದ್ದರೆ ಕತ್ತರಿಸಿದ ಹುಲ್ಲಿಗೆ ಬ್ಲೇಡಿನ ಹಿಂಬದಿ ಮತ್ತೆ ತಾಗುತ್ತದೆ. ಆದ್ದರಿಂದ ‘ಎಡಬಲ ಸಮ ಮಾಡಿ, ಮುಂದಕ್ಕೆ ತುಸು ಬಾಗಿಸಿ’. ಆ ವಾಕ್ಯಕ್ಕೂ ಮೊದಲು ‘ನಾಲ್ಕೂ ಟೈರಿನ ಗಾಳಿ ಅಳೆದು ಸರಿಮಾಡಿ’ ಎಂದು ಬರಲಿ. ಒಂದು ಬದಿಯ ಟೈರಿನಲ್ಲಿ ಗಾಳಿ ಕಡಿಮೆ ಇದ್ದಾಗ ಡೆಕ್ ಸಮ ಮಾಡಿದರೆ, ಗಾಳಿ ತುಂಬಿದ ಮೇಲೆ ಡೆಕ್ ಇನ್ನೊಂದು ಬದಿಗೆ ವಾಲುತ್ತದೆ, ಹುಲ್ಲು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ.