ಸಕ್ಕರೆ ಕಾಯಿಲೆ ಮತ್ತು ಬೆಳಗಿನ ನಡಿಗೆ: ವೈದ್ಯರನ್ನು ಕೇಳಿ

ನಿವೃತ್ತ ಮಾಸ್ತರರು, ಉಣಕಲ್: ಡಾಕ್ಟರ್ ಸಾಹೇಬರೇ, ನನಗೆ 66 ವರ್ಷ. ಬೆಳಿಗ್ಗೆ ಐದಕ್ಕೆ ಸಕ್ಕರೆ ಇಳಿಸುವ ಮಾತ್ರೆ ಗ್ಲಿಮೆಪಿರೈಡ್ ನುಂಗಿ, ಖಾಲಿ ಹೊಟ್ಟೆಯಲ್ಲಿ ಕೆರೆಯ ದಂಡೆಗೆ ನಡೆಯಲು ಹೋಗುತ್ತೇನೆ. ತಿಂಡಿ ಎಂಟಕ್ಕೆ. ಎರಡು ಸಲ ಮೈ ತಣ್ಣಗೆ ಬೆವರಿತು. ಮೊನ್ನೆ ಮನೆಯ ದಾರಿಯೇ ತೋಚಲಿಲ್ಲ. ಸಕ್ಕರೆ ಏರಿರಬೇಕು, ಇನ್ನೂ ಹೆಚ್ಚು ನಡೆಯಲೇ?

ವೈದ್ಯರು: ಬೇಡ! ಏರಿದ್ದಲ್ಲ ಮಾಸ್ತರರೇ, ಇಳಿದಿರಬೇಕು. ಹೊಟ್ಟೆಗೆ ಏನಾದರೂ ಬಿದ್ದಿದೆಯೋ ಇಲ್ಲವೋ ಎಂದು ಆ ಮಾತ್ರೆ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತದೆ. ಅದರ ಮೇಲೆ ನಡೆಯುವ ಕಾಲಿನ ಸ್ನಾಯುಗಳೂ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಖಾಲಿ ಹೊಟ್ಟೆಯ ನಡಿಗೆ ನಾಳೆಯಿಂದಲೇ ಬಂದ್. ಮಾತ್ರೆ ತಿಂಡಿಯ ಜೊತೆಗೆ, ನಡಿಗೆ ತಿಂಡಿಯ ನಂತರ. ಮತ್ತೆ ಬೆವರಿದರೆ ಅಲ್ಲೇ ಕುಳಿತು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮೀಟರಿನಲ್ಲಿ ನೋಡಿ, 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಕುಡಿಯಿರಿ. ರಕ್ತದೊತ್ತಡಕ್ಕೆ ಅಟೆನೊಲಾಲ್ ತೆಗೆದುಕೊಳ್ಳುತ್ತೀರಾ? ಹೌದಾದರೆ ನಡುಕ, ಎದೆಬಡಿತ ಅಡಗಿರುತ್ತವೆ, ಬೆವರೇ ಮುಖ್ಯ ಸುಳಿವು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟಿದೆ? ಮೂತ್ರಪಿಂಡ ಹೇಗಿದೆ ಎಂದು ಅದು ಹೇಳುತ್ತದೆ. ಮೂತ್ರಪಿಂಡ ಸೋತಿದ್ದರೆ ಈ ಮಾತ್ರೆಯ ಪ್ರಮಾಣ ಇಳಿಸಬೇಕಾಗುತ್ತದೆ. ಅಲ್ಲಿಯವರೆಗೆ ಒಬ್ಬರೇ ಹೋಗಬೇಡಿ, ನೀರಿನ ದಂಡೆ ಅದು.

ನಿವೃತ್ತ ಶಿಕ್ಷಕಿ, ಗದಗ: ನನಗೆ ಮೊಣಕಾಲು ನೋವು. ನಡಿಗೆಯ ಬದಲು ಸೈಕಲ್ ತುಳಿಯಬಹುದೇ?

ನಿವೃತ್ತ ಗುಮಾಸ್ತರು, ಹಾವೇರಿ: ಎಷ್ಟು ಹೊತ್ತು ನಡೆಯಬೇಕು ಸರ್?

ವೈದ್ಯರು: 30 ನಿಮಿಷ, ವಾರಕ್ಕೆ ಐದು ದಿನ.

ನಿವೃತ್ತ ಬ್ಯಾಂಕಿನವರು, ಹುಬ್ಬಳ್ಳಿ: ಮೆಂತ್ಯದ ನೀರು, ಹಾಗಲಕಾಯಿ ರಸ, 40 ದಿನ. ಮಾತ್ರೆ ಎಸೆಯಿರಿ! ಐದು ಗುಂಪುಗಳಿಗೆ ಕಳಿಸಿ.

ವೈದ್ಯರು: ಹಾಗಲಕಾಯಿ ಪಲ್ಯ ಮಾಡಿ ತಿನ್ನಿ, ಬೇಡವೆಂದವರಾರು? ಮಾತ್ರೆ ಎಸೆದವರು ಕಾಲು ಕೊಳೆತ ಮೇಲೆ ನನ್ನ ಬಳಿ ಬರುತ್ತಾರೆ. ಇದನ್ನು ಅವರಿಗೆ ಕಳಿಸಿದವರು ಜೊತೆಗೆ ಬಂದದ್ದನ್ನು ಕಂಡಿಲ್ಲ.

ಧಾರವಾಡದವರು: ಮಾಸ್ತರರು ಜೇಬಿನಲ್ಲಿ ಒಂದು ಪೇಡೆ ಇಟ್ಟುಕೊಳ್ಳಲಿ.

ಬ್ಯಾಂಕಿನವರು: ಪೇಡೆ ಔಷಧಿ, ಮೆಂತ್ಯ ವಿಷ! ಚೆನ್ನಾಗಿದೆ.

ಧಾರವಾಡದವರು: ಪೇಡೆಯ ಸುದ್ದಿಗೆ ಬರಬೇಡಿ. ರವಿವಾರ ಬಂದರೆ ನಮ್ಮ ಅಂಗಡಿಗಳ ಮುಂದೆ ಸಾಲು ನಿಲ್ಲುವವರು ನೀವೇ.

ಬ್ಯಾಂಕಿನವರು: ಸಾಲು ನಿಂತದ್ದು ಬೀಗರಿಗಾಗಿ!

ವೈದ್ಯರು: ಪೇಡೆಯ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಬರೀ ಸಕ್ಕರೆ ಇಟ್ಟುಕೊಳ್ಳಿ. ಜಗಳ ಬೇರೆ ಕಡೆ ಆಡಿ.

ಇನ್ನೊಬ್ಬರು: ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರೆ ನರಗಳು ಚುರುಕಾಗುತ್ತವಂತೆ?

ವೈದ್ಯರು: ಅಂತೆ! ಪಾದದ ಸ್ಪರ್ಶ ಹೋದವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ಬೂಟು ಹಾಕಿಕೊಳ್ಳಿ, ರಾತ್ರಿ ಅಂಗಾಲು ನೋಡಿಕೊಳ್ಳಿ.

ಹೊಸ ಸದಸ್ಯರು: ದಿನಕ್ಕೆ ಎಷ್ಟು ನಡೆಯಬೇಕು?

ವೈದ್ಯರು: ಮೇಲೆ ಓದಿ.

ಮಾಸ್ತರರು: ಅಟೆನೊಲಾಲ್ ಇದೆ. ಒಂಬತ್ತು ವರ್ಷವಾಯಿತು.

ವೈದ್ಯರು: ನಾಳೆಯೇ ನಿಮ್ಮ ವೈದ್ಯರ ಬಳಿ ಹೋಗಿ, ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು. ನೀವಾಗಿ ಅಟೆನೊಲಾಲ್ ನಿಲ್ಲಿಸಬೇಡಿ.

ನಿವೃತ್ತ ಶಿಕ್ಷಕಿ, ಗದಗ: ಪೇಡೆಗೆ ಉತ್ತರ ಸಿಕ್ಕಿತು. ನನ್ನ ಸೈಕಲ್?