ಅಣ್ಣನಿಗೆ ಸಿಪ್ಯಾಪ್ ಬೇಕೆಂದಿದ್ದಾರೆ: ಕೊಳ್ಳುವುದೋ, ಕಾಯುವುದೋ?

ಅಮರಗೋಳದ ತಮ್ಮ:
ಅಣ್ಣನಿಗೆ ಐವತ್ತರ ಹತ್ತಿರ. ಸ್ವಂತ ಲಾರಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಪುಣೆಯ ಕಡೆ ಹೋಗುತ್ತಾನೆ. ಗೊರಕೆ ಮೊದಲಿನಿಂದಲೂ ಇತ್ತು. ಈಗ ನಡುನಡುವೆ ಉಸಿರೇ ನಿಂತು, ಬೆಚ್ಚಿಬಿದ್ದವನಂತೆ ಎಳೆದುಕೊಳ್ಳುತ್ತಾನೆ ಎಂದು ವೈನಿ ಹೇಳಿದರು. ಎರಡು ಮಾತ್ರೆ ನುಂಗಿದರೂ ಬಿಪಿ ಹಿಡಿತಕ್ಕೆ ಬರುತ್ತಿಲ್ಲ. ಹುಬ್ಬಳ್ಳಿಯ ಶ್ವಾಸಕೋಶ ತಜ್ಞರು ಒಂದು ಪುಟ್ಟ ಯಂತ್ರ ಕೊಟ್ಟು, ರಾತ್ರಿ ಮನೆಯಲ್ಲೇ ಕಟ್ಟಿಕೊಂಡು ಮಲಗಿಸಿದರು. ವರದಿಯಲ್ಲಿ ಎಎಚ್‌ಐ ಎಂಬ ಅಂಕಿ 38, ಆಮ್ಲಜನಕ ಇಳಿದದ್ದು ಶೇ. 74ರವರೆಗೆ. ಸಿಪ್ಯಾಪ್, ಅಂದರೆ ಮಲಗುವಾಗ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ, ಬೇಕೆಂದಿದ್ದಾರೆ. ಅಂಗಡಿಯವರು ಇವತ್ತೇ ಹಣ ಕಟ್ಟಿ ಎನ್ನುತ್ತಾರೆ. ಮನೆಯ ಹಿರಿಯರು, ಒಮ್ಮೆ ಹಚ್ಚಿಕೊಂಡರೆ ಅದೇ ಚಟವಾಗುತ್ತದೆ, ಬೇಡ ಎನ್ನುತ್ತಾರೆ. ತಿಳಿದವರು ಹೇಳಿ.

ಹಾವೇರಿ ಕಾಕಾ:
ತಮ್ಮಾ, ಅವಸರ ಮಾಡಬೇಡ. ಗೊರಕೆಗೂ ಯಂತ್ರ ಎನ್ನುವುದು ಈಗಿನ ವ್ಯಾಪಾರ. ತೂಕ ಇಳಿಸಲಿ, ರಾತ್ರಿ ಊಟ ಬೇಗ ಮುಗಿಸಲಿ, ಮಗ್ಗುಲಾಗಿ ಮಲಗಲಿ, ಕುಡಿತವಿದ್ದರೆ ಬಿಡಲಿ. ಅಲ್ಲದೆ, ಮನೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ಒಂದೇ ರಾತ್ರಿ ಮಾಡಿದ ಪರೀಕ್ಷೆಯನ್ನು ನಂಬುವುದು ಹೇಗೆ?

ರಾತ್ರಿಪಾಳಿ:
ಧಾರವಾಡದಲ್ಲಿ ನಿದ್ರಾ ಪರೀಕ್ಷೆಯ ತಂತ್ರಜ್ಞನಾಗಿದ್ದೇನೆ. ಕಾಕಾ ಅವರ ಅನುಮಾನದಲ್ಲಿ ಅರ್ಧ ಸತ್ಯವಿದೆ. ಮನೆಯ ಪರೀಕ್ಷೆ ಸಾಮಾನ್ಯವಾಗಿ ಮೆದುಳಿನ ಅಲೆಗಳನ್ನು ದಾಖಲಿಸುವುದಿಲ್ಲ. ಹಾಗಾಗಿ ರೋಗಿ ಯಾವಾಗ ನಿದ್ದೆಯಲ್ಲಿದ್ದ, ಯಾವಾಗ ಎಚ್ಚರವಿದ್ದ ಎಂಬುದು ಅದಕ್ಕೆ ತಿಳಿಯದು. ಹೊರಳಾಡಿದ ಹೊತ್ತನ್ನೂ ಸೇರಿಸಿ ಭಾಗಿಸುವುದರಿಂದ ಅಂಕಿ ಇದ್ದುದಕ್ಕಿಂತ ಕಡಿಮೆ ಬರುತ್ತದೆಯೇ ಹೊರತು ಹೆಚ್ಚಾಗುವುದು ಅಪರೂಪ. ಎಎಚ್‌ಐ ಎಂದರೆ ಕನಿಷ್ಠ 10 ಸೆಕೆಂಡು ಉಸಿರು ನಿಂತ ಅಥವಾ ತೀರಾ ಕುಗ್ಗಿದ ಪ್ರಸಂಗಗಳು ಗಂಟೆಗೆ ಎಷ್ಟು ಎಂಬ ಲೆಕ್ಕ. 5ರಿಂದ ಸೌಮ್ಯ, 15ರಿಂದ ಮಧ್ಯಮ, 30 ದಾಟಿದರೆ ತೀವ್ರ. ಹೃದಯದ ದೌರ್ಬಲ್ಯ ಅಥವಾ ಪಾರ್ಶ್ವವಾಯು ಆಗಿದ್ದರೆ, ಇಲ್ಲವೇ ಲಕ್ಷಣಗಳೆಲ್ಲ ಇದ್ದೂ ಮನೆಯ ಪರೀಕ್ಷೆ ಸರಿಯೆಂದು ಬಂದರೆ, ಆಗ ಲ್ಯಾಬಿನಲ್ಲೇ ಮಲಗಿಸಬೇಕು. ನಿಮ್ಮ ಅಣ್ಣನವರ ವರದಿಯಲ್ಲಿ ಆ ಗೊಂದಲ ಕಾಣುವುದಿಲ್ಲ.

ತೂಕ ಇಳಿಸಲೇಬೇಕು, ಒಪ್ಪುತ್ತೇನೆ. ಆದರೆ ತೂಕ ಶೇ. 10 ಇಳಿದರೆ ಎಎಚ್‌ಐ ಸರಾಸರಿ ಕಾಲು ಭಾಗದಷ್ಟು ಇಳಿಯುತ್ತದೆ. 38 ಇದ್ದದ್ದು 28ಕ್ಕೆ ಬಂದೀತು. ಅಷ್ಟು ತಿಂಗಳು ಆಮ್ಲಜನಕವನ್ನು 74ಕ್ಕೆ ಬಿಡುವುದೇ? ಇನ್ನು, ಇದು ಈಗಿನ ವ್ಯಾಪಾರವಲ್ಲ. ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಈ ವಿಧಾನವನ್ನು ಪ್ರಕಟಿಸಿದ್ದು 1981ರಲ್ಲಿ. ನಿದ್ದೆಯಲ್ಲಿ ಸಡಿಲಗೊಂಡು ಕೂಡಿಕೊಳ್ಳುವ ಗಂಟಲನ್ನು ಗಾಳಿಯ ಒತ್ತಡ ತೆರೆದಿಡುತ್ತದೆ, ಅಷ್ಟೇ. ಬಿಟ್ಟ ರಾತ್ರಿ ಗೊರಕೆ ಮರಳುವುದು ಚಟದಿಂದಲ್ಲ, ಗಂಟಲು ಮೊದಲಿನಂತೆಯೇ ಇರುವುದರಿಂದ.

ಮುಳಗುಂದ ನಾಕಾ:
ಗದಗಿನಿಂದ ಬರೆಯುತ್ತಿದ್ದೇನೆ. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನವನ್ನು ಯಾರೂ ಹೇಳುತ್ತಿಲ್ಲವೇಕೆ? ಹೃದ್ರೋಗ ಅಥವಾ ಪಾರ್ಶ್ವವಾಯು ಮೊದಲೇ ಇದ್ದ 2,700ಕ್ಕೂ ಹೆಚ್ಚು ಜನರಲ್ಲಿ, ಸಿಪ್ಯಾಪ್ ಹಾಕಿದವರಿಗೂ ಹಾಕದವರಿಗೂ ಮುಂದಿನ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಿರುವಾಗ ಹೃದಯ ಉಳಿಯುತ್ತದೆ ಎಂದು ಹೆದರಿಸಿ ಮಾರುವುದು ಅನ್ಯಾಯ.

ರಾತ್ರಿಪಾಳಿ:
ಹಾಗೆ ಮಾರುವುದು ತಪ್ಪೇ, ಸರ್. ಆದರೆ ಆ ಅಧ್ಯಯನದಲ್ಲಿ ಜನರು ಮಾಸ್ಕ್ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಹಗಲು ವಿಪರೀತ ತೂಕಡಿಸುವವರನ್ನು, ಆಮ್ಲಜನಕ ತೀರಾ ಕುಸಿಯುವವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಅಷ್ಟಾದರೂ ಹಗಲಿನ ತೂಕಡಿಕೆ ಕಡಿಮೆಯಾಯಿತು ಎಂದು ಅದೇ ಅಧ್ಯಯನ ಹೇಳುತ್ತದೆ. ಸ್ಟೇರಿಂಗ್ ಹಿಡಿಯುವವನಿಗೆ ಬೇಕಾದದ್ದು ಮೊದಲು ಅದು. ಬಿಪಿ ಮಾತ್ರ ಸರಾಸರಿ ಎರಡು ಮೂರು ಅಂಕಿಯಷ್ಟೇ ಇಳಿಯುತ್ತದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಮುಳಗುಂದ ನಾಕಾ:
ತೂಕಡಿಕೆಗೆಂದರೆ ನನ್ನ ತಕರಾರಿಲ್ಲ. ಹೃದಯದ ಮಾತನ್ನು ಹಿಂದೆಗೆಯುವುದಿಲ್ಲ.

ಸಪ್ತಾಪುರದ ಶಿಕ್ಷಕಿ:
ಚರ್ಚೆ ಯಂತ್ರದ ಸುತ್ತಲೇ ತಿರುಗುತ್ತಿದೆ. ಗೆಲ್ಲುವುದೂ ಸೋಲುವುದೂ ಮಾಸ್ಕಿನಲ್ಲಿ. ನಮ್ಮ ಯಜಮಾನರಿಗೆ ಅಂಗಡಿಯವರು ಅಳತೆಯನ್ನೇ ನೋಡದೆ ಬಾಯಿ ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟರು. ಮೀಸೆಯ ಸಂದಿನಿಂದ ಗಾಳಿ ಸೋರಿ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಪಟ್ಟಿ ಬಿಗಿದಷ್ಟೂ ಮೂಗಿನ ದಿಂಡು ಕೆಂಪಾಯಿತೇ ಹೊರತು ಸೋರುವುದು ನಿಲ್ಲಲಿಲ್ಲ. ಮೂಗಿನ ಹೊಳ್ಳೆಗಷ್ಟೇ ಕೂರುವ ಚಿಕ್ಕದನ್ನು ಹಾಕಿದ ಮೇಲೆ ನಿದ್ದೆ ಹತ್ತಿತು. ಆದ್ದರಿಂದ ಮೊದಲು ಬಾಡಿಗೆಗೆ ತನ್ನಿ, ಎರಡು ಮೂರು ಬಗೆಯ ಮಾಸ್ಕ್ ಹಾಕಿ ನೋಡಿ. ಹಗಲು ಟಿವಿ ನೋಡುತ್ತ ಅರ್ಧ ಗಂಟೆ ಹಾಕಿಕೊಂಡರೆ ಉಸಿರುಗಟ್ಟುವ ಭಯ ಹೋಗುತ್ತದೆ. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಹುಬ್ಬಳ್ಳಿಯ ಧೂಳಿಗೆ ಫಿಲ್ಟರ್ ಬೇಗ ಕಪ್ಪಾಗುತ್ತದೆ. ತಿಂಗಳಿಗೊಮ್ಮೆಯಾದರೂ ತೆಗೆದು ನೋಡಿ.

ಇನ್ನೊಂದು ಮಾತು, ತಮ್ಮನಂತೆ ಕೇಳಿ. ಅವರು ಲಾರಿ ಓಡಿಸುವುದನ್ನು ಇವತ್ತೇ ನಿಲ್ಲಿಸಿ.

ಅಮರಗೋಳದ ತಮ್ಮ:
ಅಕ್ಕಾ, ಲಾರಿಯ ಕಂತು ಇದೆ. ನಿಲ್ಲಿಸಿದರೆ ಮನೆ ನಡೆಯುವುದಿಲ್ಲ.

ಸಪ್ತಾಪುರದ ಶಿಕ್ಷಕಿ:
ಲಾರಿ ನಿಲ್ಲಿಸಿ ಎನ್ನಲಿಲ್ಲ, ಅವರು ಓಡಿಸುವುದನ್ನು ನಿಲ್ಲಿಸಿ ಎಂದೆ. ಕಂತು ತಡವಾದರೆ ಬ್ಯಾಂಕಿನವರೊಡನೆ ಮಾತನಾಡಬಹುದು. ಬೆಳಗಿನ ಜಾವ ಹೆದ್ದಾರಿಯಲ್ಲಿ ರೆಪ್ಪೆ ಮುಚ್ಚಿದರೆ ಎದುರಿನ ಬಸ್ಸಿನಲ್ಲಿ ಇರುವವರಿಗೆ ನಾವು ಏನು ಹೇಳುವುದು?

ಹಾವೇರಿ ಕಾಕಾ:
ಈ ಮಾತಿಗೆ ನನ್ನ ಒಪ್ಪಿಗೆಯಿದೆ. ಯಂತ್ರ ಬಾಡಿಗೆಗೆ ತಾ. ತೂಕ ಇಳಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸು, ಆಗ ಬೇಡವೆಂದರೆ ಮರಳಿಸಬಹುದು. ಬದಲಿ ಚಾಲಕ ಬೇಕಿದ್ದರೆ ಮೋಟೆಬೆನ್ನೂರಿನಲ್ಲಿ ಪರಿಚಯದವನಿದ್ದಾನೆ, ಕೇಳಿ ಹೇಳುತ್ತೇನೆ.

ಅಮರಗೋಳದ ತಮ್ಮ:
ಕೇಳಿ ನೋಡಿ ಕಾಕಾ, ಉಪಕಾರವಾಗುತ್ತದೆ. ವೈನಿಗೆ ಇದನ್ನೆಲ್ಲ ಓದಿ ಹೇಳಿದೆ. ಬಾಡಿಗೆಗೆ ತರುವುದೆಂದು ಮಾತಾಯಿತು. ಕರೆಂಟು ಹೋದರೆ ಏನು ಮಾಡುವುದು? ಮುಂದೆ ಲಾರಿಯಲ್ಲಿ ಮಲಗುವಾಗ?

ರಾತ್ರಿಪಾಳಿ:
ಮನೆಯ ಇನ್ವರ್ಟರ್ ಸಾಕು. ನೀರು ಬಿಸಿ ಮಾಡುವ ಭಾಗವನ್ನು ಆರಿಸಿದರೆ ಬ್ಯಾಟರಿ ಇನ್ನಷ್ಟು ಹೊತ್ತು ಬರುತ್ತದೆ. ಲಾರಿಯ ಬ್ಯಾಟರಿಗೆ ನೇರವಾಗಿ ಜೋಡಿಸಬೇಡಿ, ಆ ಯಂತ್ರಕ್ಕೆಂದೇ ಮಾಡಿದ ಡಿಸಿ ಕನ್ವರ್ಟರ್ ಕೊಳ್ಳಿ. ಮೊದಲ ವಾರ ಕಳೆದ ಮೇಲೆ ಯಂತ್ರದ ಕಾರ್ಡನ್ನು ತಜ್ಞರಿಗೆ ತೋರಿಸಿ. ಎಷ್ಟು ಗಂಟೆ ಹಾಕಿದ್ದರು, ಎಷ್ಟು ಸೋರಿತು, ಉಳಿದ ಎಎಚ್‌ಐ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಮತ್ತೆ ಸ್ಟೇರಿಂಗ್ ಯಾವಾಗ ಹಿಡಿಯಬಹುದು ಎಂಬುದನ್ನು ಅದನ್ನು ನೋಡಿದ ಮೇಲೆ ಅವರೇ ಹೇಳಲಿ.