ಪದಚರ್ಚೆ: ರೇಸ್ ಟ್ರ್ಯಾಕಿನ ‘ಆಫ್ ಕ್ಯಾಂಬರ್’, ‘ಕ್ರೆಸ್ಟ್’ ಇವಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಆಸ್ಟ್ರೇಲಿಯಾದ ಬ್ಯಾಥರ್ಸ್ಟ್‌ನಲ್ಲಿರುವ ಮೌಂಟ್ ಪನೋರಮಾ ಕಾರ್ ರೇಸ್ ಟ್ರ್ಯಾಕ್ ನೋಡಲು ಹೋಗುವ ಕನ್ನಡಿಗರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಊರು ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. ದೂರ. ಗುಡ್ಡ ಹತ್ತಿ ಇಳಿಯುವ ಈ ಟ್ರ್ಯಾಕಿನ ಒಂದು ಸುತ್ತು 6.213 ಕಿ.ಮೀ.; ಅಕ್ಟೋಬರಿನ 1000 ಕಿ.ಮೀ. ಓಟಕ್ಕೆ 161 ಸುತ್ತು. ನಾನು ‘ಆಫ್ ಕ್ಯಾಂಬರ್’ಗೆ (ತಿರುವಿನಲ್ಲಿ ರಸ್ತೆ ಹೊರಕ್ಕೆ ವಾಲಿರುವುದು) ‘ಋಣ ಇಳಿಜಾರು’, ‘ಕ್ರೆಸ್ಟ್’ಗೆ (ಏರು ಮುಗಿದು ಇಳಿಜಾರು ಶುರುವಾಗುವ ಜಾಗ) ‘ಶಿಖರ’, ‘ಎಲಿವೇಷನ್’ಗೆ ‘ಏರಿಳಿತ’, ‘ಕ್ಯಾಂಪ್‌ಗ್ರೌಂಡ್’ಗೆ ‘ಶಿಬಿರ’ ಎಂದು ಹಾಕಿದ್ದೇನೆ. ಯಾವುದೂ ಕಿವಿಗೆ ಸರಿಹೋಗುತ್ತಿಲ್ಲ. ರೇಸ್ ಇಲ್ಲದ ದಿನ ಅದು ಊರವರು ಓಡಾಡುವ ಸಾರ್ವಜನಿಕ ರಸ್ತೆ. ಆಗಲೂ ಅದನ್ನು ‘ಟ್ರ್ಯಾಕ್’ ಎನ್ನಬಹುದೇ?

*

ಮೇಡಂ, ಕ್ಯಾಂಬರ್‌ನಿಂದಲೇ ಶುರುಮಾಡುತ್ತೇನೆ, ಹೆಚ್ಚು ಎಡವುವುದು ಅಲ್ಲೇ. ಪಿಡಬ್ಲ್ಯುಡಿ ಎಂಜಿನಿಯರಿಗೆ ಕ್ಯಾಂಬರ್ ಅಂದರೆ ಮಳೆನೀರು ನಿಲ್ಲದಿರಲೆಂದು ರಸ್ತೆಯ ನಡುವನ್ನು ಎತ್ತರಿಸಿ ಎರಡೂ ಅಂಚಿಗೆ ಕೊಡುವ ಇಳಿಜಾರು. ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸುವುದಕ್ಕೆ ಅವರ ಮಾತು ‘ಸೂಪರ್‌ಎಲಿವೇಷನ್’. ವೀಲ್ ಅಲೈನ್‌ಮೆಂಟ್ ಮಾಡುವವರಿಗೆ ಕ್ಯಾಂಬರ್ ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ಹೀಗಾಗಿ ಪದವನ್ನು ಹಾಗೇ ಬಿಟ್ಟರೆ ವಾಹನ ಬಲ್ಲ ಓದುಗರೇ ದಾರಿ ತಪ್ಪುತ್ತಾರೆ. ರೇಸಿನವರು ಹೇಳುವುದು, ತಿರುವಿನಲ್ಲಿ ರಸ್ತೆ ಯಾವ ಕಡೆಗೆ ವಾಲಿದೆ ಎಂಬುದನ್ನು. ‘ಒಳವಾಲು ತಿರುವು’, ‘ಹೊರವಾಲು ತಿರುವು’ ಎಂದರೆ ವಿವರಣೆಯೇ ಬೇಡ. ತಿರುಗುತ್ತಿರುವ ಕಾರು ಹೇಗೂ ಹೊರಕ್ಕೆ ಜಾರಲು ನೋಡುತ್ತದೆ. ರಸ್ತೆಯೂ ಅತ್ತಲೇ ವಾಲಿದ್ದರೆ ಕಾರಿನ ತೂಕದ ಒಂದು ಪಾಲು ಅದಕ್ಕೆ ಕೈಜೋಡಿಸುತ್ತದೆ, ಟೈರಿನ ಹಿಡಿತ ಬೇಗ ತಪ್ಪುತ್ತದೆ. ‘ಋಣ’ ಎಂಬ ಪದದಿಂದ ಇದೇನೂ ಹೊಳೆಯುವುದಿಲ್ಲ.

‘ಕ್ರೆಸ್ಟ್’ಗೆ ‘ನೆತ್ತಿ’ ಚೆನ್ನಾಗಿ ಒಪ್ಪುತ್ತದೆ. ಶಿಖರ ಅಂದರೆ ಬೆಟ್ಟದ ತುತ್ತತುದಿ. ಒಂದೇ ಟ್ರ್ಯಾಕಿನಲ್ಲಿ ನೆತ್ತಿಗಳು ಹಲವು ಇರಬಹುದು. ಇಲ್ಲಿನ ‘ಸ್ಕೈಲೈನ್’ ಎಂಬ ಜಾಗ ಅಂಥದ್ದು: ಅತ್ತ ಹೋಗುವಾಗ ಎದುರಿಗೆ ಕಾಣುವುದು ಆಕಾಶ, ದಾಟಿದ ಕೂಡಲೇ ‘ಎಸೆಸ್’ ಎಂಬ, S ಆಕಾರದ ತಿರುವುಗಳ ಇಳಿಜಾರು. ನೆತ್ತಿ ದಾಟುವ ಗಳಿಗೆಯಲ್ಲಿ ಚಕ್ರದ ಮೇಲಿನ ಭಾರ ಇಳಿದಿರುತ್ತದೆ. ಆಗ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಅಂದರೆ ತಿರುಗದೆ ಜಾರುತ್ತದೆ. ‘ಕುರುಡು ತಿರುವು’ ಎಂದೂ ಬರೆಯಬೇಡಿ, ‘ಎದುರು ಕಾಣದ ತಿರುವು’ ಎನ್ನಿ.

‘ಏರಿಳಿತ 174 ಮೀಟರ್’ ಎಂದರೆ ಬೆಲೆಯ ಏರಿಳಿತದಂತೆ ಕೇಳುತ್ತದೆ. ‘ತಳದಿಂದ ತುದಿಗೆ 174 ಮೀಟರ್ ಎತ್ತರ’ ಎಂದರಾಯಿತು. ಅತಿ ಕಡಿದಾದ ಏರು 1:6.13, ಅಂದರೆ 6.13 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಮೇಲೆ. ಶೇಕಡಾ ಲೆಕ್ಕದಲ್ಲಿ ಸುಮಾರು 16.3. ಇದನ್ನು ‘16 ಡಿಗ್ರಿ’ ಎಂದು ಬರೆದುಬಿಡುವವರು ಇದ್ದಾರೆ; ಕೋನ 9 ಡಿಗ್ರಿ ಚಿಲ್ಲರೆ ಅಷ್ಟೇ.

ತಿರುವುಗಳ ಹೆಸರನ್ನು ಅನುವಾದಿಸಬೇಡಿ. ‘ದಿ ಕಟಿಂಗ್’ ಅನ್ನು ಹಾಗೇ ಇಟ್ಟು, ‘ಧರೆ ಕಡಿದು ಮಾಡಿದ ಏರುದಾರಿ’ ಎಂದು ಒಮ್ಮೆ ವಿವರಿಸಿ. ‘ಧರೆ ಕುಸಿತ’ ಮಲೆನಾಡಿನ ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲ ಬರುವ ಮಾತು, ಅರ್ಥವಾಗುತ್ತದೆ. ‘ಕಾನ್‌ರಾಡ್ ಸ್ಟ್ರೇಟ್’ ಎಂಬ ನೇರದಾರಿಯ ಹೆಸರು ಯಾರದೋ ಹೆಸರಲ್ಲ. 1939ರಲ್ಲಿ ಅಲ್ಲಿ ಒಂದು ರೇಸ್ ಕಾರಿನ ಎಂಜಿನ್ನಿನ ಕನೆಕ್ಟಿಂಗ್ ರಾಡ್ (ಚುಟುಕಾಗಿ ‘ಕಾನ್‌ರಾಡ್’) ಮುರಿದದ್ದರಿಂದ ಬಂದದ್ದು. ಈ ಮಾತನ್ನು ಕೈಪಿಡಿಯಲ್ಲಿ ಖಂಡಿತ ಸೇರಿಸಿ.

‘ಶಿಬಿರ’ ಎಂದರೆ ರಕ್ತದಾನವೋ ಎನ್‌ಎಸ್‌ಎಸ್ಸೋ ನೆನಪಾಗುತ್ತದೆ. ‘ಟೆಂಟ್ ಹಾಕುವ ಜಾಗ’ ಸಾಕು. ಮೆಕ್‌ಫಿಲಮಿ ಪಾರ್ಕಿನ ಜಾಗ ಗುಡ್ಡದ ಮೇಲಿದೆ, ಪಿಟ್ ಇರುವುದು ಕೆಳಗೆ. ಆದ್ದರಿಂದ ಪ್ರತಿ ಸೌಲಭ್ಯದ ಮುಂದೆ ‘ಮೇಲೆ’ ಅಥವಾ ‘ಕೆಳಗೆ’ ಎಂದು ತಪ್ಪದೆ ನಮೂದಿಸಿ. ಕಾರುಗಳು ಓಡುತ್ತಿರುವಾಗ ರಸ್ತೆಗೆ ಇಳಿದು ದಾಟುವಂತಿಲ್ಲ. ಇನ್ನು ‘ಪಿಟ್’ ಅಂದಾಗ ಬಸ್ ಡಿಪೋ ಕಂಡವರಿಗೆ ನೆಲದ ಗುಂಡಿ ಕಣ್ಮುಂದೆ ಬರುತ್ತದೆ. ‘ಪಿಟ್ ಲೇನ್: ಓಟದ ನಡುವೆ ಟೈರು ಬದಲಿಸಿ ಇಂಧನ ತುಂಬುವ ಓಣಿ’ ಎಂದು ಮೊದಲ ಸಲವಾದರೂ ಬರೆಯಿರಿ.

*

ಹೊರವಾಲು, ನೆತ್ತಿ ಎರಡಕ್ಕೂ ನನ್ನ ಒಪ್ಪಿಗೆ ಇದೆ. ಟ್ರ್ಯಾಕೋ ರಸ್ತೆಯೋ ಎಂಬ ಪ್ರಶ್ನೆ ಉಳಿಯಿತು. ಇದು ಸುರಕ್ಷತೆಯ ವಿಷಯ, ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಬಳಸಬೇಕು. ಓಟದ ದಿನಗಳ ಪುಟದಲ್ಲಿ ‘ಟ್ರ್ಯಾಕ್’: ಕಾರುಗಳು ಒಂದೇ ದಿಕ್ಕಿಗೆ, ಅಪ್ರದಕ್ಷಿಣವಾಗಿ ಓಡುತ್ತವೆ. ಉಳಿದ ದಿನಗಳ ಪುಟದಲ್ಲಿ ‘ರಸ್ತೆ’: ಎದುರಿನಿಂದಲೂ ವಾಹನ ಬರುತ್ತದೆ, ವೇಗದ ಮಿತಿ ಗಂಟೆಗೆ 60 ಕಿ.ಮೀ., ಪಕ್ಕದಲ್ಲೇ ಮನೆಗಳ ಗೇಟುಗಳಿವೆ. ‘ಟ್ರ್ಯಾಕಿನಲ್ಲಿ ನೀವೂ ಕಾರು ಓಡಿಸಬಹುದು’ ಎಂದು ಬರೆದರೆ ಓದಿದವರು ತಿರುವಿನಲ್ಲಿ ಬಲಬದಿಗೂ ನುಗ್ಗಿಯಾರು. ‘ಈ ರಸ್ತೆಯಲ್ಲಿ ಎಡಬದಿಯಲ್ಲೇ ಸಾಗಿ’ ಎಂದು ಬರೆಯಿರಿ. ‘ಮರೀಸ್ ಕಾರ್ನರ್’ ಎಂಬ ತಿರುವಿನ ಬಳಿಯ ಮೋಟಾರ್ ರೇಸಿಂಗ್ ಮ್ಯೂಸಿಯಂ ಇರುವುದು ಗುಡ್ಡದ ಬುಡದಲ್ಲಿ, ಅದನ್ನು ‘ಕೆಳಗೆ’ ಪಟ್ಟಿಗೆ ಸೇರಿಸಿ.